ಕರಿ ಅಂಟಿನ ಬೀಗರಿಗೆ

ಕೆಂಬಂಡಿ ಗ್ರಾಮ
ಹೊಗೆ ನಿಂತ ನಾಲ್ಕನೆಯ ವರ್ಷ, ಮೂರನೆಯ ಶ್ರಾವಣದ ಸೋಮವಾರ

ಬೀಗರೇ,

ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಾಲದ ಮಳೆ ಪಂಚಾಂಗ ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಅದು ಬಂದಾಗಲೆಲ್ಲ ನಾವು ಶ್ರಾವಣ ಹಿಡಿಯುತ್ತೇವೆ. ಈ ವರ್ಷ ಮೂರು ಸಿಕ್ಕಿವೆ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ. ಅಕ್ಷರ ಸೊಟ್ಟ ಇರಬಹುದು, ಮಾತು ಸೊಟ್ಟ ಇಲ್ಲ. ನನ್ನ ಹೆಸರು ಹುಲಿಗೆವ್ವ. ಕುರುಬರ ಮನೆಯವಳು, ಕಂಬಳಿ ನೇಯ್ದು ಬಾಳಿದವಳು, ನೀವು ಸತ್ತು ಎಷ್ಟೋ ವರ್ಷದ ಮೇಲೆ ಹುಟ್ಟಿದವಳು. ನಿಮ್ಮನ್ನು ಬೀಗರೇ ಎಂದು ಯಾಕೆ ಕರೆದೆ ಎಂಬುದು ಕಾಗದ ಮುಗಿಯುವುದರೊಳಗೆ ತಿಳಿಯುತ್ತದೆ. ಈ ಬೀಗತನ ನಿಮಗೆ ಬೇಡವೆನಿಸಬಹುದು. ನನಗೂ ಬೇಡವಾಗಿತ್ತು.

ನಮ್ಮಲ್ಲಿ ಹಿಂಗಾಲದ ಅಂಚೆ ಎಂದು ಒಂದಿದೆ. ನಿಮ್ಮ ಕಾಗದ ಊರಿಂದ ಊರಿಗೆ ಹೋಗುತ್ತದೆ, ಇದು ಇಂದಿನಿಂದ ಹಿಂದಕ್ಕೆ ಹೋಗುತ್ತದೆ. ಒಂದು ಮನೆತನಕ್ಕೆ ಒಂದೇ ಕಾಗದ. ನೆರೆಮನೆಯ ಗಾಳೆವ್ವ ತನ್ನ ಪಾಲಿನದನ್ನು ಮುತ್ತಜ್ಜಿಗೆ ಬರೆದು, ಬಂಗಾರದ ಬೋರಮಾಳ ಎಲ್ಲಿ ಹೂತಿಟ್ಟೆ ಎಂದು ಕೇಳಿದಳು. ಉತ್ತರ ಬರಲಿಲ್ಲ, ಇನ್ನೂ ಅಂಗಳ ಅಗೆಯುತ್ತಿದ್ದಾಳೆ. ನಮ್ಮ ಮನೆಯ ಕಾಗದವನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ಯಾಕೆಂದರೆ ಇವತ್ತು ನಿಮ್ಮ ಮೇಜಿನ ಮೇಲೆ ಎರಡು ತುಂಡುಗಳಿವೆ. ಎರಡೂ ನಿಮ್ಮ ಕಾರ್ಖಾನೆಯ ರತ್ನಗಂಬಳಿಯವು. ಒಂದರ ಬೆನ್ನಿಗೆ ಬಿಳಿ ಅಂಟು. ಕಾಯಿಸಿದರೆ ಬಿಡುತ್ತದೆ, ನೂಲು ಬೇರೆ ಬೆನ್ನು ಬೇರೆ ಆಗುತ್ತದೆ, ಆ ನೂಲಿನಿಂದ ಮತ್ತೆ ನೇಯಬಹುದು. ಇನ್ನೊಂದಕ್ಕೆ ಕರಿ ಅಂಟು. ಅದು ಅಗ್ಗ. ಹಿಡಿದರೆ ಬಿಡುವುದಿಲ್ಲ. ಯಾವುದು ಎಂದು ನೀವು ಇನ್ನೂ ಬಾಯಿ ಬಿಟ್ಟಿಲ್ಲ. ಬಿಡುವ ಮುಂಚೆ ಈ ಮುದುಕಿಯ ಮಾತು ಕೇಳಿ.

ಮೊದಲು ನಿಮ್ಮ ಸರಕಿನ ಹೆಸರಿನ ಮಾತು. ರತ್ನವಿಲ್ಲ, ಕಂಬಳಿಯೂ ಅಲ್ಲ, ಆ ಹೆಸರಿಟ್ಟವನ ನಾಲಗೆಗೆ ಬರೆ ಹಾಕಬೇಕು. ಕಂಬಳಿ ಎಂದರೆ ನಾವು ಮಾಡುವುದು. ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ, ಮನೆಯ ಹೆಣ್ಣುಮಕ್ಕಳ ಕೈ. ಅಪ್ಪ ಹೊದ್ದದ್ದನ್ನು ಮಗ ಹಾಸುತ್ತಾನೆ, ಮಗ ಹಾಸಿದ್ದನ್ನು ಎತ್ತಿನ ಬೆನ್ನಿಗೆ ಹಾಕುತ್ತಾನೆ, ಅಲ್ಲೂ ಹರಿದರೆ ತಿಪ್ಪೆಗೆ ಎಸೆಯುತ್ತಾನೆ. ಎರಡು ಮಳೆ ಬಿದ್ದರೆ ಗೊಬ್ಬರ. ನೀವು ಮಾಡುವುದು ಐದು ವರ್ಷ ಕಾಲಡಿ ಬಿದ್ದಿದ್ದು ಐನೂರು ವರ್ಷ ತಲೆಯ ಮೇಲೆ ಕೂರುತ್ತದೆ.

ನಮ್ಮೂರ ಕೆಂಪು ಕಲ್ಲನ್ನು ನಿಮ್ಮ ಕಾಲದವರು ಕೊರೆದು ಕೊರೆದು ಹಡಗಿಗೆ ಹಾಕಿದರು. ಕಲ್ಲು ಹೋಯಿತು, ಕ್ವಾರಿಯ ಗುಂಡಿ ಉಳಿಯಿತು. ಸಣ್ಣ ಗುಂಡಿಯಲ್ಲ, ನಮ್ಮೂರನ್ನು ಗುಡಿಸಮೇತ ಅದರೊಳಗೆ ಇಳಿಸಬಹುದು. ಆಮೇಲೆ ಲಾರಿಗಳು ಬಂದವು. ಆಫೀಸು, ಹೋಟೆಲು, ಮದುವೆ ಹಾಲುಗಳ ಹಳೆಯ ಕಾರ್ಪೆಟ್ಟು, ಸುರುಳಿ ಸುರುಳಿಯಾಗಿ. ನನ್ನ ಅಜ್ಜಿಯ ಕಾಲದಲ್ಲಿ ಶುರುವಾದದ್ದು ನನ್ನ ಕಾಲಕ್ಕೆ ಗುಂಡಿ ತುಂಬಿ ಗುಡ್ಡವಾಯಿತು. ಒಂದು ಬೇಸಿಗೆ ಅದರ ಹೊಟ್ಟೆಗೆ ಬೆಂಕಿ ಹತ್ತಿತು. ಮೇಲೆ ಉರಿ ಇಲ್ಲ, ಒಳಗೊಳಗೇ ಬೇಯುವುದು, ಬೆಂದಂತೆ ಗುಡ್ಡ ಕುಸಿದು ಮತ್ತೆ ಗುಂಡಿಯಾಯಿತು. ನಾವು ಅದಕ್ಕೆ ನೆಲಬೆಂಕಿ ಎಂದೆವು. ಕರಿ ಅಂಟು ಕರಗಿ ಬಂಡೆಯ ಸಂದಿಯಲ್ಲಿ ಕಾಕಂಬಿಯ ಹಾಗೆ ಇಳಿಯುತ್ತಿತ್ತು. ಗಾಳಿ ಊರ ಕಡೆ ತಿರುಗಿದ ದಿನಕ್ಕೆ ಹೊಗೆಸೂತಕ ಎಂದು ಹೆಸರು. ಅಂದು ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿ ಒಳಗೆ ಕೂರಬೇಕು. ಒಲೆ ಹಚ್ಚುವಂತಿಲ್ಲ, ಹೊಲಕ್ಕೆ ಹೋಗುವಂತಿಲ್ಲ, ಸತ್ತವರನ್ನು ಮಣ್ಣಿಗೆ ಒಯ್ಯುವಂತಿಲ್ಲ. ಹಟ್ಟಿಯಲ್ಲಿ ಕುರಿಗಳು ಮೂಗಿನಿಂದ ಕಪ್ಪು ನೊರೆ ಕಾರಿ ಸಾಯುತ್ತಿದ್ದವು. ಗಾಳಿ ತಿರುಗಿದ ಮೇಲೆ ಕಾಲು ಹಿಡಿದು ಎಳೆದು ಹಾಕುತ್ತಿದ್ದೆವು.

ನನ್ನ ಅಕ್ಕ ಲಕ್ಕವ್ವ. ಅವಳ ಟಗರು ಒಂದು ಮುಂಜಾನೆ ಗುಂಡಿಯ ಅಂಚಿಗೆ ಹೋಯಿತು. ಕರೆಯಲು ಹೋದಳು, ನೆಲ ಬಾಯಿ ಬಿಟ್ಟಿತು. ಸೊಂಟದವರೆಗೆ ಇಳಿದಳು. ನಾನು ಬಂಡೆಯ ಮೇಲೆ ಬೋರಲು ಬಿದ್ದು ಅವಳ ಎರಡೂ ಕೈ ಹಿಡಿದು ಎಳೆದೆ. ಕೆಳಗಿನಿಂದ ಅಂಟು ಎಳೆಯಿತು. "ಬಿಡ ಹುಲಿಗಿ, ನಿನ್ನೂ ಎಳಕೊಂತೈತಿ" ಅಂದಳು. ಬಿಡಲಿಲ್ಲ. "ಬಿಡ ರಂಡೇ, ಮನ್ಯಾಗ ಮಕ್ಕಳದಾವ" ಎಂದು ಬೈದಳು. ಆಗಲೂ ಬಿಡಲಿಲ್ಲ. ಅವಳ ಅಂಗೈ ತೊಗಲು ನನ್ನ ಅಂಗೈಗೆ ಬಂತು, ಅವಳು ಬರಲಿಲ್ಲ. ಕೂಗು ನಿಂತ ಮೇಲೂ ಬಹಳ ಹೊತ್ತು ವಾಸನೆ ನಿಲ್ಲಲಿಲ್ಲ. ಹೂಳಲು ನಮಗೆ ಏನೂ ಸಿಗಲಿಲ್ಲ ಬೀಗರೇ. ಅವಳ ಸೀರೆಯೊಂದನ್ನು ಹೂತೆವು.

ಅವಳ ತಿಥಿಯ ದಿನಗಳು ಆಗುವವರೆಗೂ ಕಾಯಲಿಲ್ಲ. ಇಡೀ ಊರು ಕುಡುಗೋಲು, ಕೊಡಲಿ, ಕುರಿ ಕಾಯುವ ಬಡಿಗೆ ಹಿಡಿದು ಲಾರಿ ಹತ್ತಿತು. ಗುಂಡಿಯಲ್ಲಿದ್ದ ಸರಕನ್ನು ಮಾಡಿದ ಕಾರ್ಖಾನೆಗಳು ಮೂರು. ಯಾವ ಸುರುಳಿ ಯಾರದು ಎಂದು ಹೇಳಲು ಮೇಲೆ ಒಂದು ಗುರುತಿಲ್ಲ. ನಾವು ಮೇಯಿಸುವ ಕುರಿಗೂ ಕಿವಿ ಕೊಯ್ದು ಗುರುತು ಮಾಡುತ್ತೇವೆ, ತಪ್ಪಿಸಿಕೊಂಡು ಯಾರ ಹೊಲ ಮೇಯ್ದರೂ ಒಡೆಯನ ಹೆಸರು ಕಿವಿಯಲ್ಲಿರುತ್ತದೆ. ಮೊದಲ ಕಚೇರಿಯಲ್ಲಿ ಕೊರಳಪಟ್ಟಿ ಕಟ್ಟಿದ ಸಾಹೇಬನೊಬ್ಬ ಕೈ ಮುಗಿದು, "ಮಾರಿದ ಮೇಲೆ ಅದು ನಮ್ಮದಲ್ಲ ತಾಯಿ, ಕೊಂಡವರದು" ಎಂದ. "ಹಡೆದ ಮ್ಯಾಲ ಕೂಸು ನಂದಲ್ಲ, ಸೂಲಗಿತ್ತಿದು ಅಂದಂಗಾತಲ್ಲೋ" ಎಂದು ಅವನ ಮೇಜನ್ನು ಮಗುಚಿದೆ. ಎರಡನೆಯ ಕಚೇರಿಯವರು ಬಾಗಿಲು ಹಾಕಿಕೊಂಡು ಮಾಳಿಗೆಯಿಂದ ಅದೇ ಮಾತನ್ನು ಕೂಗಿದರು. ಮೂರನೆಯದು ನಿಮ್ಮದು. ಕಾವಲಿನವರು ಲಾಠಿ ಬೀಸಿದರು, ನಮ್ಮವರು ಕೊಡಲಿಯ ಮೊಂಡು ಹಿಂಬದಿ ಬೀಸಿದರು. ಗಾಜು ಮಳೆಯಂತೆ ಸುರಿಯಿತು. ನಿಮ್ಮ ಕಾವಲಿನವನೊಬ್ಬನ ಕಣ್ಣು ಹೋಯಿತು, ನಮ್ಮ ಬೀರಪ್ಪನ ತಲೆ ಒಡೆದು ಅಲ್ಲೇ ಸತ್ತ. ನನ್ನ ಮುಂದಿನ ಹಲ್ಲುಗಳು ನಿಮ್ಮ ಮೆಟ್ಟಿಲ ಮೇಲೆ ಬಿದ್ದವು. ಮೆಟ್ಟಿಲು ನಮ್ಮೂರ ಕೆಂಪು ಕಲ್ಲಿನದೇ, ಗುರುತು ಸಿಕ್ಕಿತು.

ಎಲ್ಲ ಓಡಿಹೋಗಿದ್ದರು. ಒಳಗಿನ ಕೋಣೆಯಲ್ಲಿ ಹುಡುಗು ಮುಖದ ಒಬ್ಬ ಗಂಡಸು ಮಾತ್ರ ಕುಳಿತಿದ್ದ. "ಯಾರ ಮಗಾ ನೀ?" ಎಂದೆ. "ಈ ಮನೆಯವನೇ" ಎಂದ. ಉದಯಶಂಕರ, ನಿಮ್ಮ ಮರಿಮೊಮ್ಮಗ. ಕೈ ಕಟ್ಟಿ ಲಾರಿಗೆ ಎಸೆದೆವು. ದಾರಿಯುದ್ದಕ್ಕೂ ನಮ್ಮವರು ಒದ್ದರು. ಬೀರಪ್ಪನ ಹೆಣ ಅವನ ಪಕ್ಕದಲ್ಲೇ ಉರುಳಾಡುತ್ತಿತ್ತು.

ನಮ್ಮೂರಲ್ಲಿ ಹಳೆಯದೊಂದು ಕೊಂಡವಾಡ ಇದೆ. ಕಂಡವರ ಹೊಲ ಮೇಯ್ದ ದನವನ್ನು ಕೂಡಿಹಾಕುವ ಕಲ್ಲಿನ ದೊಡ್ಡಿ ಅದು. ಒಡೆಯ ಬರಬೇಕು, ನನ್ನದು ಎಂದು ಒಪ್ಪಬೇಕು, ಹಾಳಾದದ್ದನ್ನು ಕಟ್ಟಿಕೊಡಬೇಕು, ಆಮೇಲೆ ಬಿಡಿಸಿಕೊಂಡು ಹೋಗಬೇಕು. ದನಕ್ಕೇ ಬರುವವರು ಮಗನಿಗೆ ಬರುವುದಿಲ್ಲವೇ ಎಂದು ನಮ್ಮ ಲೆಕ್ಕ. ಅವನನ್ನು ಅದರಲ್ಲಿ ಹಾಕಿ ಗೂಟಕ್ಕೆ ಕಟ್ಟಿದೆವು. ನಿಮ್ಮ ಸರಕಿನ ಗುಂಡಿಯನ್ನು ನೀವೇ ಖಾಲಿ ಮಾಡಿ, ನಿಮ್ಮ ಕೂಸನ್ನು ಒಯ್ಯಿರಿ ಎಂದು ಅವನ ಮನೆಗೆ ಹೇಳಿ ಕಳಿಸಿದೆವು.

ಆ ಲೆಕ್ಕ ತಪ್ಪಿತು. ಯಾರೂ ಬರಲಿಲ್ಲ. ಕಾದೆವು, ಹೊಗೆಸೂತಕ ಬಂದು ಹೋಯಿತು. ಕೊನೆಗೆ ನಿಮ್ಮ ಮನೆಯಿಂದ ಒಂದು ಮಾತು ಬಂತು. "ಆತ ಈಗ ನಮ್ಮ ಸಂಸ್ಥೆಯವನಲ್ಲ." ಅವನೆದುರಿಗೇ ಅದನ್ನು ಹೇಳಿದೆ. ಒದೆ ತಿಂದಾಗ ಅಳದವನು ಆಗ ಗೂಟಕ್ಕೆ ತಲೆ ಆನಿಸಿದ. ಹಳೆಯ ಕಾರ್ಪೆಟ್ಟನ್ನು ಎಸೆದ ಹಾಗೆಯೇ ಅವನನ್ನೂ ನಮ್ಮೂರಿಗೆ ಎಸೆದಿದ್ದರು.

ಒಡೆಯನಿಲ್ಲದ ದನವನ್ನು ಎಷ್ಟು ದಿನ ಸಾಕುವುದು? ಊರವರು ಅವನನ್ನು ಗುಂಡಿಯ ಅಂಚಿಗೆ ಎಳೆದು ತಂದರು. ಕೊರಳಿಗೆ ಹಗ್ಗ. ಹಗ್ಗದ ತುದಿ ನನ್ನ ಕೈಯಲ್ಲಿ, ಅಕ್ಕನ ಸಾಲ ತೀರಿಸುವ ಹಕ್ಕು ನನ್ನದೆಂದು ಊರೇ ಕೊಟ್ಟಿತ್ತು. "ದೂಡ ಹುಲಿಗೆವ್ವ, ಕೈ ನಡುಗಿದ್ರ ನನಗ ಕೊಡು" ಎಂದಳು ಬೀರಪ್ಪನ ಹೆಂಡತಿ. ನನ್ನ ಕೈ ನಡುಗುತ್ತಿರಲಿಲ್ಲ, ಅದನ್ನು ನೀವು ತಿಳಿದಿರಬೇಕು. ಕಾಲ ಬುಡದಲ್ಲಿ ಕರಗಿ ಗಟ್ಟಿಯಾದ ಒಂದು ತುಂಡು ಬಿದ್ದಿತ್ತು. ಅವನು ಬಾಗಿ ಎತ್ತಿಕೊಂಡ, ಮಗುಚಿ ಬೆನ್ನು ನೋಡಿದ.

"ಇದು ನಮ್ಮದು" ಎಂದ.

ಅಷ್ಟು ವರ್ಷಗಳಲ್ಲಿ, ಅಷ್ಟು ಲಾರಿಗಳಲ್ಲಿ, ಆ ಮಾತನ್ನು ಯಾರೂ ಆಡಿರಲಿಲ್ಲ. "ಈ ಕರಿ ಅಂಟು ನಮ್ಮ ಮುತ್ತಜ್ಜನದು. ಮೇಜಿನ ಮೇಲೆ ಎರಡು ತುಂಡಿದ್ದವಂತೆ, ಬಿಳಿಯದನ್ನು ಪಕ್ಕಕ್ಕೆ ಸರಿಸಿ ಇದನ್ನು ಎತ್ತಿಕೊಂಡರಂತೆ. ಎರಡಕ್ಕೂ ಕಟ್ಟು ಹಾಕಿ ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಮನೆತನ ಉದ್ಧಾರವಾದದ್ದು ಅವತ್ತೇ ಎಂದು ಮಕ್ಕಳಿಗೆ ತೋರಿಸುತ್ತಾರೆ" ಎಂದ. ನಿಮ್ಮ ಮೇಜಿನ ವಿಷಯ ನನಗೆ ಹೇಗೆ ತಿಳಿಯಿತೆಂದು ಈಗ ಗೊತ್ತಾಯಿತಲ್ಲ.

ನಾನು ದೂಡಲಿಲ್ಲ. ಕರುಣೆ ಎಂದುಕೊಳ್ಳಬೇಡಿ. ಒಡೆಯ ಸಿಕ್ಕಿದ್ದ, ಅಷ್ಟೇ. ಕೊರಳಿನ ಹಗ್ಗ ಬಿಚ್ಚಿ ಅವನ ಸೊಂಟಕ್ಕೆ ಬಿಗಿದೆ. "ನಿಂದಾದ್ರ ತಗೀ" ಎಂದೆ. ಗುಂಡಿಗೆ ಇಳಿಸಿದೆವು. ಅಂದಿನಿಂದ ಅವನು ದಿನವೂ ಇಳಿದ. ಮೊದಲು ನಾವು ಮೇಲೆ ನಿಂತು ಹಗ್ಗ ಹಿಡಿದೆವು, ಆಮೇಲೆ ಒಬ್ಬೊಬ್ಬರಾಗಿ ನಾವೂ ಇಳಿದೆವು. ಕೊಚ್ಚಿ, ತಣಿಸಿ, ಎಳೆದು ಹಾಕಿದೆವು. ಹೊಗೆ ನಿಲ್ಲಲು ವರ್ಷಗಳೇ ಹಿಡಿದವು. ಅವನ ಎಡಗಾಲಿನ ಬೆರಳುಗಳು ಅಲ್ಲೇ ಬೆಂದು ಉದುರಿದವು. ಆಳದಲ್ಲಿ ಒಂದು ದಿನ ಅಕ್ಕನ ಬೆಳ್ಳಿ ಕಡಗ ಸಿಕ್ಕಿತು. ಅವನೇ ತೊಳೆದು ತಂದು ಕೊಟ್ಟ, ನಾನು ಸೆರಗಿನಲ್ಲಿ ಕಟ್ಟಿಕೊಂಡೆ.

ಸುದ್ದಿ ಹಬ್ಬಿತು. ಬೇರೆ ಬೇರೆ ಗುಂಡಿಗಳ ಊರವರೂ ಕಾರ್ಪೆಟ್ಟಿನ ಮನೆಗಳಿಂದ ಒಬ್ಬೊಬ್ಬರನ್ನು ಎಳೆದು ತಂದು ಕೊಂಡವಾಡಕ್ಕೆ ಹಾಕಿದರು. ಎಲ್ಲ ಕಡೆಯೂ 'ನಮ್ಮದು' ಎನ್ನುವವನು ಸಿಗಲಿಲ್ಲ. ಸಿಗದ ಕಡೆ ದೂಡಿದರು. ಪೊಲೀಸರು ಬಂದು ದೂಡಿದವರನ್ನು ಗುಂಡು ಹೊಡೆದು ಕೊಂದರು. ಎರಡೂ ಕಡೆಯ ಹೆಣ ಎಣಿಸಿ ಸುಸ್ತಾದ ಮೇಲೆ ಕಿವಿಗುರುತಿನ ಕಟ್ಟಳೆ ಬಂತು. ಈಗ ಪ್ರತಿ ಕಾರ್ಪೆಟ್ಟಿನ ಮೂಲೆಯಲ್ಲಿ ಕುರಿಯ ಕಿವಿಯಷ್ಟು ಒಂದು ತುಂಡು, ಅದರಲ್ಲಿ ಮಾಡಿದವನ ಮನೆಯ ಹೆಸರು. ಹಳತಾದರೆ ಬಾಗಿಲಿಗೆ ಇಟ್ಟರಾಯಿತು, ಮಾಡಿದವನ ಗಾಡಿ ಬಂದು ಒಯ್ಯಬೇಕು. ತವರಿಗೆ ಹೊರಟಿತು ಎನ್ನುತ್ತೇವೆ. ತವರು ಬಾಗಿಲು ಹಾಕುವಂತಿಲ್ಲ. ಹೀಗೆ ತಿರುಗಿ ಬಂದು ತಮ್ಮ ಅಂಗಳದಲ್ಲೇ ರಾಶಿ ಬೀಳುತ್ತದೆ ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ಬಿಳಿ ಅಂಟು ನೆನಪಾಯಿತು. ಹೊಸ ಜ್ಞಾನವೇನೂ ಬೇಕಾಗಲಿಲ್ಲ ಬೀಗರೇ. ನಿಮ್ಮ ಮೇಜಿನ ಮೇಲಿರುವುದೇ ಸಾಕಾಗಿತ್ತು.

ಇನ್ನು ಬೀಗತನದ ಮಾತು. ಗುಂಡಿಗೆ ರೊಟ್ಟಿ ಒಯ್ಯುತ್ತಿದ್ದವಳು ನನ್ನ ಮಗಳು ರೇವವ್ವ. ರೊಟ್ಟಿಯ ಜೊತೆ ಇನ್ನೇನು ಒಯ್ದಳೋ, ಒಂದು ದಿನ ಬಂದು ಅವನನ್ನೇ ಮಾಡಿಕೊಳ್ಳುತ್ತೇನೆ ಎಂದಳು. ಒಲೆಯ ಕೊಳ್ಳಿ ಎಸೆದೆ, ತಪ್ಪಿಸಿಕೊಂಡಳು. ಮದುವೆಗೆ ನಿಮ್ಮ ಕಡೆಯಿಂದ ಒಂದು ನಾಯಿಯೂ ಬರಲಿಲ್ಲ. ಅವರಿಗೆ ಒಬ್ಬಳೇ ಮಗಳು, ನನ್ನ ಅಕ್ಕನ ಹೆಸರನ್ನೇ ಇಟ್ಟಿದ್ದೇವೆ, ಲಕ್ಕಿ. ನಿಮ್ಮ ರಕ್ತವೂ ಹೌದು ನನ್ನ ರಕ್ತವೂ ಹೌದು. ಹೊಗೆಯಲ್ಲೇ ಹುಟ್ಟಿ ಹೊಗೆಯಲ್ಲೇ ಕಣ್ಣು ಬಿಟ್ಟವಳು. ಎದೆಗೆ ಉಸಿರುಡಬ್ಬಿ ಕಟ್ಟಿರುತ್ತದೆ, ಅದು ಒತ್ತಿ ಒಳಗೆ ಕಳಿಸಿದಷ್ಟೇ ಗಾಳಿ. ಮಲಗಿದರೆ ಸಿಕ್ಕಿಕೊಳ್ಳುತ್ತದೆ, ನನ್ನ ಬೆನ್ನಿಗೆ ಆತು ಕುಳಿತೇ ನಿದ್ದೆ ಮಾಡುತ್ತಾಳೆ. ಹತ್ತನೆಯ ಶ್ರಾವಣ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಈ ವರ್ಷ ಶ್ರಾವಣಗಳು ಬೇಗ ಬೇಗ ಬರುತ್ತಿವೆ, ನನಗೆ ಮಳೆಯ ಮೇಲೆ ಸಿಟ್ಟು. ಮೊನ್ನೆ ಓಣಿಯ ಮಕ್ಕಳನ್ನು ನೋಡುತ್ತ, "ಆಯಿ, ಓಡಿದ್ರ ಹೆಂಗ ಅನಸ್ತೈತಿ?" ಎಂದು ಕೇಳಿದಳು. "ಏನೂ ಇಲ್ಲ ಬಿಡವಾ, ಬೆವರ ಬರತಾವ, ಕಾಲು ನೋಯ್ತಾವ" ಎಂದೆ. "ಅಷ್ಟ?" ಎಂದಳು. "ಅಷ್ಟ" ಎಂದೆ.

ಕಾಗದ ಬರೆಯುತ್ತೇನೆಂದಾಗ ಅಳಿಯ ಕುಂಟುತ್ತ ಬಂದು ಬಾಗಿಲಿಗೆ ಅಡ್ಡ ನಿಂತ. ಈಗ ಅವನು ನಮ್ಮ ಮಾತನ್ನೇ ಆಡುತ್ತಾನೆ. "ಹಾಕಬ್ಯಾಡ್ರಿ ಅತ್ತಿ. ಮುತ್ತಜ್ಜ ನಿಮ್ಮ ಮಾತು ಕೇಳಿಬಿಟ್ರ ಗುಂಡಿ ತುಂಬೂದಿಲ್ಲ. ನೀವು ನನ್ನ ಎಳಕೊಂಡು ಬರೂದಿಲ್ಲ. ನಾನು ರೇವಿನ್ನ ನೋಡೂದಿಲ್ಲ. ಲಕ್ಕಿ ಇರೂದಽ ಇಲ್ಲ" ಎಂದ. ಮೂರನೆಯ ಇಯತ್ತೆಯವಳಿಗೂ ಇದು ತಿಳಿಯುತ್ತದೆ ಬೀಗರೇ. ಅಕ್ಕ ಉಳಿಯುತ್ತಾಳೆ, ಬೀರಪ್ಪ ಉಳಿಯುತ್ತಾನೆ, ದೂಡಿಸಿಕೊಂಡವರೂ ಗುಂಡು ತಿಂದವರೂ ಉಳಿಯುತ್ತಾರೆ. ನನ್ನ ಬೆನ್ನಿಗೆ ಆತು ನಿದ್ದೆ ಮಾಡುವವಳು ಮಾತ್ರ ಇರುವುದಿಲ್ಲ. ಅವಳು ಈಗಲೂ ಹಾಗೇ ಕುಳಿತಿದ್ದಾಳೆ. ಡಬ್ಬಿ ಒಂದೊಂದು ಸಲ ಒತ್ತಿದಾಗಲೂ ನನ್ನ ಅಕ್ಷರ ಅಲುಗುತ್ತದೆ. ಅಳಿಯನನ್ನು ಬಾಗಿಲಿನಿಂದ ಸರಿಸಿ ಬರೆಯಲು ಕೂತೆ. ಅಕ್ಕನ ಕೈಯನ್ನು ನಾನು ಬಿಡದೆ ಹಿಡಿದೆ, ಬಂದದ್ದು ತೊಗಲು. ಹಿಡಿದದ್ದೆಲ್ಲ ಉಳಿಯುವುದಿಲ್ಲ ಎಂದು ನನ್ನ ಅಂಗೈಗೆ ಗೊತ್ತು.

ಬಿಳಿಯದನ್ನು ಎತ್ತಿಕೊಳ್ಳಿ. ಮೂಲೆಗೆ ನಿಮ್ಮ ಹೆಸರು ಹೊಲಿಯಿರಿ. ಹಳತಾಗಿ ಬಂದದ್ದನ್ನು ಬಾಗಿಲು ತೆಗೆದು ಒಳಗೆ ತೆಗೆದುಕೊಳ್ಳಿ. ಕರಿಯದಕ್ಕೆ ಕೈ ಹಾಕಿದರೆ, ನಿಮ್ಮ ಮರಿಮೊಮ್ಮಗನ ಕೊರಳಿನ ಅಳತೆ ನನಗೆ ಗೊತ್ತಿದೆ, ಹಗ್ಗ ಅಟ್ಟದ ಮೇಲಿದೆ, ಮುಂದಿನ ಸಲ ಅದರ ತುದಿ ಯಾರ ಕೈಯಲ್ಲಿರುತ್ತದೋ ಹೇಳಲಾರೆ.

ಎತ್ತಿಕೊಂಡಾದ ಮೇಲೆ ಒಂದು ಕೆಲಸ ಮಾಡಿ. ಹೊರಗೆ ಬನ್ನಿ. ಬೀದಿಯಲ್ಲಿ ಯಾವುದಾದರೂ ಹೆಣ್ಣುಕೂಸು ಓಡುತ್ತಿರುತ್ತದೆ, ಯಾರದೋ ಏನೋ. ಅದು ಮರೆಯಾಗುವವರೆಗೂ ನೋಡಿ. ನೋಡಿ, ನಿಮ್ಮ ಬಾಯಿಂದ ಒಂದು ಸಲ ನಮ್ಮದು ಎನ್ನಿ.

ಇಂತಿ,
ಹುಲಿಗೆವ್ವ