ಒಂದು ಟೈಲ್ ಕಮ್ಮಿ

ಮಾರ್ಚ್ 3
ಟೀ ಮೊದಲು, ಟೈಲ್ ಆಮೇಲೆ. ಅಣೆಕಟ್ಟು ಒಡೆದಾಗ ಸತ್ತವರ ಹೆಸರಿನ ಗೋಡೆ. ಒಬ್ಬೊಬ್ಬರಿಗೆ ಅಂಗೈಯಗಲದ ಒಂದು ಟೈಲ್. ಒಟ್ಟು 1439. ಇಂಜಿನಿಯರ್ ಸಾಹೇಬ್ರು— "ಸಾಲು ಎಲ್ಲಾ ಸಮ ಬರ್ಬೇಕು. ತುಂಡು ಸಾಲು ನಡೆಯಲ್ಲ."
"ಬದುಕಿರೋರನ್ನ ಸಾಲಲ್ಲಿ ನಿಲ್ಸೋದು ಕಷ್ಟ ಸಾರ್. ಇವ್ರು ಮಾತು ಕೇಳ್ತಾರೆ" ಅಂದೆ.
ನಗಲಿಲ್ಲ ಮನುಷ್ಯ.

ಮಾರ್ಚ್ 4, ಮಧ್ಯಾಹ್ನ
ಇವ್ರೂ ಮಾತು ಕೇಳ್ತಿಲ್ಲ. ನೆಲದ ಮೇಲೆ ಜೋಡಿಸಿ ನೋಡಿದೆ. ಮೂವತ್ತರ ಸಾಲು— ಒಂದು ಕಮ್ಮಿ. ಮೂವತ್ತೆರಡು— ಒಂದು ಕಮ್ಮಿ. ನಲವತ್ತು— ಅದೇ ಒಂದು. ಮೂವತ್ತೊಂದು ಮಾಡಿದ್ರೆ ಹದಿಮೂರು ಉಳೀತು. ನಾಲ್ಕನೇ ಕ್ಲಾಸಿಗೆ ಮಗ್ಗಿ ಬಿಟ್ಟು ಓಡಿದ್ದೆ... ಈಗ ಹಿಡ್ಕೊಂಡು ಬಡೀತಿದೆ.

ಮಾರ್ಚ್ 6
ಆಸ್ಪತ್ರೆ. ಅಣ್ಣ ಹಾಗೇ ಮಲಗಿದಾನೆ. ಅದೇ ಅಣೆಕಟ್ಟಿನ ನೀರಲ್ಲಿ ಸಿಕ್ಕಿದ್ದು. ಎಂಟು ತಿಂಗಳು ಆಯ್ತು, ಕಣ್ಣು ಬಿಟ್ಟಿಲ್ಲ. ಅವನ ಮಗಳು ಮಂಚದ ಪಕ್ಕ ಹೋಂವರ್ಕ್ ಮಾಡ್ತಿದ್ಲು. ಹತ್ತನೇ ಕ್ಲಾಸು. ನನ್ನ ಲೆಕ್ಕ ಕೊಟ್ಟೆ.
"ಅವಿಭಾಜ್ಯ ಸಂಖ್ಯೆ, ಚಿಕ್ಕಪ್ಪ. ಒಂದು ಬಿಟ್ರೆ ಅದೇ. ಬೇರೆ ಯಾವ್ದಕ್ಕೂ ಪಾಲಾಗಲ್ಲ."
"ಕೋರ್ಟಿಗೆ ಹೋದ್ರೂ?"
"ಹೋದ್ರೂ! ಮೂವತ್ತೇಳರ ತನಕ ಭಾಗಿಸಿ ನೋಡ್ದೆ. ಸಾಕು."
"ಆಮೇಲಿಂದು?"
"ಮೂವತ್ತೆಂಟು ಮೂವತ್ತೆಂಟ್ಲಿ 1444. ದಾಟಿಹೋಯ್ತಲ್ಲ. ದೊಡ್ಡದಕ್ಕೆ ಪಾಲಾಗೋದಾದ್ರೆ ಅದರ ಜೋಡಿ ಚಿಕ್ಕದು ಮೊದ್ಲೇ ಸಿಕ್ಕಿರ್ತಿತ್ತು. ಅದೇ ಇನ್ನೊಂದು ಸೇರಿದ್ರೆ ನೋಡು, 1440— ಮೂವತ್ತಕ್ಕೂ ಆಗತ್ತೆ, ನಲವತ್ತಕ್ಕೂ—"
ನಿಲ್ಲಿಸಿದ್ಲು. ಅಪ್ಪನ ಮುಖ ನೋಡಿದ್ಲು. ರಬ್ಬರ್ ತಗೊಂಡು ಅಷ್ಟನ್ನೂ ಉಜ್ಜಿ ಉಜ್ಜಿ ಒರೆಸಿದ್ಲು.
ರಬ್ಬರ್ ಪುಡಿ ನಾನೇ ಊದಿ ಹಾರಿಸಿದೆ.

ಮಾರ್ಚ್ 17
ನಲವತ್ತರ ಸಾಲು, ಮೂವತ್ತಾರು. ಕೆಳಗಿನ ಕೊನೇ ಮೂಲೆ ಖಾಲಿ. ಸಾಹೇಬ್ರು ಬಂದು— "ಛೇ, ಇನ್ನೊಬ್ರು ಇದ್ದಿದ್ರೆ ಸರಿಹೋಗ್ತಿತ್ತು."
ಅವರಿಗೇನು ಗೊತ್ತು ಪಾಪ. ಬಕೆಟ್ ತಗೊಂಡು ಕರಣೆ ತೊಳೆಯೋಕೆ ಹೋದೆ.

ಮಾರ್ಚ್ 18
ಆ ಮೂಲೆ ನನ್ನನ್ನೇ ನೋಡ್ತಿತ್ತು. ಯಾರನ್ನೋ ಕಾಯೋ ಹಾಗೆ. ಹೆಸರಿಲ್ಲದ ಟೈಲ್ ತಂದು ಮುಚ್ಚಿಬಿಟ್ಟೆ. ಸಿಮೆಂಟ್ ಮೂರು ಪಟ್ಟು. "ಹಿಂದೆ ಟೊಳ್ಳಿರಬಾರದು ಕಣೋ, ತಟ್ಟಿ ಕೇಳು"— ಕೆಲಸ ಕಲಿಸುವಾಗ ಅಣ್ಣ ಹೇಳಿದ್ದು. ತಟ್ಟಿದೆ. ಗಟ್ಟಿ. ಯಾರಪ್ಪ ಬಂದ್ರೂ ಕೀಳಕ್ಕಾಗಲ್ಲ. ಬರಲಿ ನೋಡೋಣ!

ಮಾರ್ಚ್ 29, ಸಂಜೆ 4
ಅಣ್ಣ ಹೋಗಿ ಮೂರು ದಿನ.
ಮಗಳು ಬೆಳಿಗ್ಗೆ ಟೈಲ್ ತಂದುಕೊಟ್ಲು. ಹೆಸರು ಅವಳೇ ಬರೆದಿದಾಳೆ. "ಅಪ್ಪಂದು ಆ ಮೂಲೇಲಿ ಹಾಕು, ಚಿಕ್ಕಪ್ಪ. ಸರಿಹೋಗತ್ತೆ" ಅಂದ್ಲು. ಹೂಂ ಅಂದೆ.
ಗೋಡೆ ಮುಂದೆ ಕೂತಿದೀನಿ. ಎರಡು ಉಳಿ ಮುರೀತು. ಜೋರಾಗಿ ಹೊಡೆದ್ರೆ ಪಕ್ಕದವರ ಹೆಸರು ಬಿರುಕು ಬಿಡತ್ತೆ. ತಟ್ಟಿ ಕೇಳ್ತಿದೀನಿ, ಎಲ್ಲಾದ್ರೂ ಒಂಚೂರು ಟೊಳ್ಳು... ಇಲ್ಲ. ನೀನು ಕಲಿಸಿದ ಹಾಗೇ ಹಾಕಿದೀನಿ ಕಣಣ್ಣ, ಎಲ್ಲೂ—