ಬಲೂನು ತಂದ ಮ್ಯಾನೇಜರ

ಇಳಕಲ್ಲು. ಶನಿವಾರ, ಜೂನ್ 14, 2025

ಇವತ್ತು ನಮ್ಮ ಕಸೂತಿ ಕೇಂದ್ರದ ಮ್ಯಾನೇಜರ ಸಂಗಮೇಶ ಬಲೂನು ಹಿಡಿದುಕೊಂಡು ಬಂದ. ನೆನೆದರೆ ಇನ್ನೂ ಮೈ ಉರಿಯುತ್ತದೆ.

"ಇನ್ಮ್ಯಾಲೆ ಪ್ರತಿ ಶನಿವಾರ ಅರ್ಧ ತಾಸು ಆಟ ಆಡ್ರಿ. ನಕ್ಕೋತ ಇದ್ರ ತಲಿ ಓಡ್ತದ, ಹೊಸ ಡಿಸೈನ್ ಬರ್ತಾವ" ಅಂದ. ಯಾವುದೋ ತರಬೇತಿಯಲ್ಲಿ ಕೇಳಿ ಬಂದಿದ್ದಾನೆ.

ಆರು ತಿಂಗಳ ಹಿಂದೆ ಇದೇ ಬಾಯಿ ಏನು ಹೇಳಿತ್ತು? ಕಸೂತಿ ಹಾಕುವ ನಾವು ಹೆಂಗಸರು ಊಟವಾದ ಮೇಲೆ ಒಂದು ತುಂಡು ಬಟ್ಟೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಒಬ್ಬಳು ಆನೆಯ ಕಾಲು ಹಾಕಿದರೆ ಪಕ್ಕದವಳು ಅದಕ್ಕೆ ನವಿಲಿನ ಬಾಲ ಹಚ್ಚುವಳು. ಹೊಟ್ಟೆ ಹುಣ್ಣಾಗುವಷ್ಟು ನಗು. ಭಾಳ ಮಾರಾಟವಾದ ನಮ್ಮ ಇರುವೆ ಸಾಲಿನ ಸೆರಗು ಹುಟ್ಟಿದ್ದು ಆ ತುಂಡಿನಲ್ಲೇ. ಆ ತುಂಡನ್ನು ಕಸಿದು ಕಸಕ್ಕೆ ಹಾಕಿ, "ಇದು ಹರಟಿ ಕಟ್ಟಿ ಅಲ್ಲ" ಎಂದು ನಮ್ಮನ್ನು ದೂರ ದೂರ ಕೂರಿಸಿದ ಮಹಾನುಭಾವ ಇವನೇ. ಅಂದಿನಿಂದ ಒಂದೂ ಹೊಸ ನಮೂನೆ ಹುಟ್ಟಿಲ್ಲ.

ಇವತ್ತು ಆಟದಲ್ಲಿ ಬಲೂನು ನಮ್ಮ ಜೊತೆಗಾರ್ತಿ ಗುರುಲಿಂಗವ್ವಕ್ಕನ ಕೈಗೆ ಬಂತು. "ನಗ್ರಿ ಅಂದ್ರ ನಗು ಬರ್ತದೇನ್ರಿ, ಸರ?" ಎಂದು ಸೂಜಿ ಚುಚ್ಚಿಬಿಟ್ಟಳು. ಢಬ್! ಸಂಗಮೇಶ ಬೆಚ್ಚಿ ಕುರ್ಚಿಯಿಂದ ಕಾಲು ಮೇಲಾಗಿ ಬಿದ್ದ. ಎಲ್ಲರೂ ನಕ್ಕೆವು. "ನೋಡಿದ್ರಿಲ್ಲೋ, ಆಟದ ಗುಣ!" ಎಂದು ನಮ್ಮ ಫೋಟೋ ತೆಗೆದುಕೊಂಡ, ನಾಚಿಕೆಗೆಟ್ಟವ.

ಹೊಸ ನಮೂನೆ ಹೊಳೆದದ್ದಂತೂ ಖರೆ. ಒಡೆದ ಬಲೂನು, ಕಾಲು ಮೇಲಾದ ಒಬ್ಬ ಮನುಷ್ಯ. ಅದನ್ನು ಸಂಗಮೇಶನಿಗೆ ಕೊಡುವುದಿಲ್ಲ. ನನ್ನ ಸೆರಗಿಗೇ ಹಾಕಿ, ಉಟ್ಟು ಅವನೆದುರು ನಿಲ್ಲುತ್ತೇನೆ. ಚಂದ ಐತಿ ಅಂತ ಅವನ ಬಾಯಿಂದಲೇ ಬರಲಿ. ಆಗ ನಗುತ್ತೇನೆ, ಯಾರೂ ಹೇಳದೆ.