ಮೂರನೇ ಹಾಡಿನ ಮೇಲಿನ ಗೀರು

ಮಾರ್ಚ್ ೧೪

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದ. ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ತಡವಾಗಿದ್ದಕ್ಕೆ ನನ್ನ ಮಂಡಿನೋವನ್ನು ಬೈದುಕೋ. ಬರೆಯೋದು ಮಂಡಿಯಿಂದಲಾ ಎಂದು ಕೇಳಬೇಡ.

ರೇಡಿಯೋ ಕೇಂದ್ರದವರು ನಿಷೇಧವಾದ ಹಾಡುಗಳ ಪ್ರದರ್ಶನ ಇಟ್ಟು ನಿನಗೆ ಸನ್ಮಾನ ಮಾಡುತ್ತಾರೆಂದು ಓದಿ ನನಗೆ ನಗು ಬಂತು. ಅಂದು ಕತ್ತು ಹಿಚುಕಿದವರೇ ಇಂದು ಹಾರ ಹಿಡಿದು ನಿಂತಿದ್ದಾರೆ. ಅಲ್ಲಿನ ರೆಕಾರ್ಡು ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವನು ನಾನು. ಒಬ್ಬ ಸಾಹೇಬರಿಗೆ ‘ತುಟಿ’ ಅಂದರೆ ಅಶ್ಲೀಲ. ಅವರ ನಂತರ ಬಂದವರಿಗೆ ತುಟಿ ಪರವಾಗಿಲ್ಲ, ‘ಹಸಿವು’ ಆಗದು. “ದೇಶದ ಮಾನ ಹೋಗುತ್ತೆ ಕಣ್ರೀ” ಅನ್ನುತ್ತಿದ್ದರು. ನಿಷೇಧದ ಪಟ್ಟಿ ಬಂದ ದಿನ ನಾನು ರೆಕಾರ್ಡು ತಟ್ಟೆಯಲ್ಲಿ ಆ ಹಾಡಿನ ಮೇಲೆ ಮೊಳೆಯಿಂದ ಅಡ್ಡಡ್ಡ ಗೀರಬೇಕು, ಗ್ರಾಮಫೋನಿನ ಮುಳ್ಳು ಜಾರಿಹೋಗುವ ಹಾಗೆ. ಹೊಟ್ಟೆಪಾಡು.

ನಿನ್ನ ರೆಕಾರ್ಡಿನ ಮೂರನೇ ಹಾಡು “ದೊರೆಯ ಗಡಿಯಾರ ಯಾಕೋ ಹಿಂದೆ ಓಡುತ್ತೆ” ಮೂರು ವಾರ ಬೀದಿಬೀದಿಯಲ್ಲಿ ಕೇಳಿತ್ತು. ಕ್ಷೌರದಂಗಡಿಯವನು ಕತ್ತರಿಯಲ್ಲೇ ತಾಳ ಹಾಕುತ್ತಿದ್ದ. ನಾಲ್ಕನೇ ವಾರ ರೇಡಿಯೋದಲ್ಲಿ ನಿಂತಿತು. ರೆಕಾರ್ಡು ಕಂಪನಿಯವರು “ಸರ್ಕಾರದ ತಂಟೆ ನಮಗೆ ಬೇಡಮ್ಮ” ಅಂತ ನಿನ್ನ ಹೊಸ ಹಾಡುಗಳನ್ನು ಹಿಂದಿರುಗಿಸಿದರು. ನೀನು ಹೊಲಿಗೆ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ, ಆಮೇಲೆ ಒಂದು ಸಾಲೂ ಬರೆಯಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಪ್ರದರ್ಶನದಲ್ಲಿ ತೂಗುಹಾಕಲು ನಿಷೇಧದ ಆದೇಶದ ಪ್ರತಿ ಬೇಕು ಎಂದಿದ್ದೀಯಲ್ಲ. ಹಳೇ ಕಡತಗಳನ್ನು ಗೆದ್ದಲು ತಿಂದಿದೆಯಂತೆ, ಸಿಗಲಿಲ್ಲ. ಅದಿಲ್ಲದಿದ್ದರೆ ಏನಂತೆ, ನಿನ್ನ ಬಾಯಿಮಾತೇ ಸಾಕು. ನೂರು ಕಾಲ ಸುಖವಾಗಿ ಬಾಳು.

ಇಂತಿ,
ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ. ನಿನ್ನ ಅತ್ತಿಗೆ, “ಪಾಪ, ಗೆದ್ದಲಿನ ಮೇಲೆ ಯಾಕೆ ಹಾಕ್ತೀರಿ? ಸಾಯೋದ್ರೊಳಗಾದ್ರೂ ನಿಜ ಹೇಳಿ” ಅಂದಳು. ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ.

ಆದೇಶ ಬಂದೇ ಇರಲಿಲ್ಲ, ತಂಗಿ. ನಿನ್ನ ಹಾಡು ಯಾವ ಪಟ್ಟಿಯಲ್ಲೂ ಇರಲಿಲ್ಲ. ‘ದೊರೆ’ ಅಂದರೆ ಯಾರು ಅಂತ ಮೇಲಿನವರು ಕೇಳಿದರೆ? “ಅಣ್ಣ ಒಳಗೆ ಕೂತು ತಂಗಿ ಹಾಡು ಹಾಕಿಸ್ತಾನೆ” ಅಂದರೆ? ಇವತ್ತಲ್ಲ ನಾಳೆ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಹೆದರಿ, ಯಾರೂ ಹೇಳದೆ ನಾನೇ ಗೀರಿದೆ. ನಿಷೇಧವಾಗಿದೆ ಅಂತ ಕಂಪನಿಯವರಿಗೂ ನಾನೇ ಹೇಳಿದೆ, ನಿನಗೂ ನಾನೇ ಹೇಳಿದೆ.

ಆಗಿನ ಸಾಹೇಬರು ನಿವೃತ್ತರಾದ ದಿನ ನನ್ನ ಕೋಣೆಗೆ ಬಂದು ಕೇಳಿದರು: “ಆ ಗಡಿಯಾರದ ಹಾಡು ಬಹಳ ಚೆನ್ನಾಗಿತ್ತಲ್ರೀ. ಯಾಕ್ರೀ ಹಾಕೋದು ನಿಲ್ಲಿಸಿಬಿಟ್ರಿ?”